ಡ್ರೈಯರ್ ಬ್ಲೋವರಿನ ವೇಗ: ಲೆಕ್ಕದ ಎರಡು ತುದಿಯೂ ಕೂಡಬೇಕು

ಮೋಡ ಕವಿದ ದಿನಗಳಲ್ಲಿ ಕಣದ ಬಿಸಿಲನ್ನೇ ನಂಬಿ ಕೂರಲಾಗದೆ ಅನೇಕ ಬೆಳೆಗಾರರು ಕಾಫಿಗೂ ಅಡಿಕೆಗೂ ಬಿಸಿಗಾಳಿಯ ಡ್ರೈಯರ್ ಬಳಸುತ್ತಾರೆ. ಕೆಲವು ಡ್ರೈಯರ್‌ಗಳಲ್ಲಿ ಬ್ಲೋವರ್ ಮೋಟಾರಿನ ವೇಗವನ್ನು ಬೇಕಾದಂತೆ ಏರಿಳಿಸುವ ಏರ್ಪಾಡಿರುತ್ತದೆ. ಪ್ಯಾನೆಲ್ ಪೆಟ್ಟಿಗೆಯಲ್ಲಿರುವ ಪಿ.ಎಲ್.ಸಿ. ಎಂಬ ಸಾಧನ ಆಜ್ಞೆ ಕೊಡುತ್ತದೆ, ವಿ.ಎಫ್.ಡಿ. ಎಂಬ ಡ್ರೈವ್ ಆ ಆಜ್ಞೆಯಂತೆ ಮೋಟಾರನ್ನು ಓಡಿಸುತ್ತದೆ. ನಾವು 40 ಹರ್ಟ್ಸ್ ಎಂದು ಒತ್ತಿದರೂ ಮೋಟಾರು ಬೇರೆಯೇ ವೇಗದಲ್ಲಿ ಓಡುವುದುಂಟು. ಯಂತ್ರ ಕೆಟ್ಟಿರಲೇಬೇಕೆಂದಿಲ್ಲ, ಇವೆರಡರ ಲೆಕ್ಕ ಕೂಡದಿದ್ದರೂ ಹೀಗಾಗುತ್ತದೆ.

ವೇಗ ತಪ್ಪಿದರೆ ನಷ್ಟವೇನು?

ಒಲೆ ಒಂದೇ ಸಮನೆ ಉರಿಯುತ್ತಿರುವಾಗ ಬ್ಲೋವರ್ ನಿಧಾನವಾದರೆ ಒಳಬರುವ ಗಾಳಿ ಅತಿಯಾಗಿ ಕಾಯುತ್ತದೆ. ಪಾರ್ಚ್‌ಮೆಂಟಿನ ಸಿಪ್ಪೆ ಬಿರಿಯಬಹುದು. ಬೀಜದ ಹೊರಭಾಗ ಬೇಗ ಒಣಗಿ ಒಳಗೆ ತೇವ ಉಳಿಯಬಹುದು. ವೇಗ ಹೆಚ್ಚಾದರೆ ಸೌದೆಯೂ ವಿದ್ಯುತ್ತೂ ಪೋಲು. ಫ್ಯಾನಿನ ಗಾಳಿ ವೇಗಕ್ಕೆ ಸರಿಸಮನಾಗಿ ಏರಿಳಿದರೆ, ಅದು ಎಳೆಯುವ ವಿದ್ಯುತ್ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದಾಗ ಗಾಳಿ ನೂರಕ್ಕೆ 80 ಪಾಲು ಉಳಿಯುತ್ತದೆ. ಬೇಕಾದ ಶಕ್ತಿ ಸುಮಾರು 51 ಪಾಲಿಗೆ ಇಳಿಯುತ್ತದೆ.

ಒಂದೇ ವೇಗ, ಮೂರು ಅಳತೆ

ಒಂದೇ ಫಸಲನ್ನು ಚೀಲದಲ್ಲೂ ಕಿಲೋದಲ್ಲೂ ಹೇಳುವಂತೆ, ಒಂದೇ ವೇಗವನ್ನು ಇಲ್ಲಿ ಮೂರು ಅಳತೆಗಳಲ್ಲಿ ಹೇಳಲಾಗುತ್ತದೆ. ಪಿ.ಎಲ್.ಸಿ.ಯೊಳಗೆ ಅದು ಒಂದು ಅಂಕಿ. ಸೀಮೆನ್ಸ್ ಎಸ್7 ಮಾದರಿಗಳಲ್ಲಿ 0ಯಿಂದ 27648ರವರೆಗೆ. ತಂತಿಯಲ್ಲಿ ಅದು ಸಾಮಾನ್ಯವಾಗಿ 4ರಿಂದ 20 ಮಿಲಿ ಆಂಪಿಯರ್. ಡ್ರೈವಿನಲ್ಲಿ 0ಯಿಂದ 50 ಹರ್ಟ್ಸ್. ಮೂರರ ಕೆಳತುದಿಯೂ ಮೇಲ್ತುದಿಯೂ ಒಂದಕ್ಕೊಂದು ಕೂಡಿದ್ದರೆ ನಡುವಿನದೆಲ್ಲ ತಾನಾಗಿ ಸರಿಹೋಗುತ್ತದೆ.

40 ಹರ್ಟ್ಸ್ ಬೇಕಾದರೆ 40ನ್ನು 27648ರಿಂದ ಗುಣಿಸಿ 50ರಿಂದ ಭಾಗಿಸಬೇಕು. ಅಂಕಿ 22118 ಬರುತ್ತದೆ, ತಂತಿಯಲ್ಲಿ 16.8 ಮಿಲಿ ಆಂಪಿಯರ್ ಹರಿಯುತ್ತದೆ. ಪ್ರೋಗ್ರಾಂ ಬರೆಯುವವರು ಗಮನಿಸಬೇಕಾದ ಮಾತೊಂದಿದೆ. ಪೂರ್ಣಾಂಕದ ಲೆಕ್ಕದಲ್ಲಿ ಮೊದಲೇ 40ನ್ನು 50ರಿಂದ ಭಾಗಿಸಿದರೆ ಉತ್ತರ ಸೊನ್ನೆ. ಮೊದಲು ಗುಣಿಸೋಣವೆಂದರೆ ಗುಣಲಬ್ಧ 16 ಬಿಟ್ಟಿನ ಮಿತಿಯಾದ 32767ನ್ನು ಮೀರುತ್ತದೆ. ಆದ್ದರಿಂದ 32 ಬಿಟ್ ಅಥವಾ ದಶಮಾಂಶದ ಲೆಕ್ಕವನ್ನೇ ಬಳಸಬೇಕು.

ಸಾಮಾನ್ಯವಾದ ಎರಡು ತಪ್ಪುಗಳು

1. ಪಿ.ಎಲ್.ಸಿ. 4-20 ಕಳಿಸುತ್ತಿದ್ದು, ಡ್ರೈವಿನಲ್ಲಿ 0-20 ಎಂದಿಟ್ಟಿರುವುದು. ಆಗ ಸೊನ್ನೆ ಎಂದು ಒತ್ತಿದರೂ ಮೋಟಾರು 10 ಹರ್ಟ್ಸ್‌ನಲ್ಲಿ ತಿರುಗುತ್ತಿರುತ್ತದೆ.

2. ಪಿ.ಎಲ್.ಸಿ. 0-20 ಕಳಿಸುತ್ತಿದ್ದು, ಡ್ರೈವಿನಲ್ಲಿ 4-20 ಎಂದಿರುವುದು. ಆಗ 25 ಹರ್ಟ್ಸ್ ಕೇಳಿದರೆ ಸಿಗುವುದು 18.75 ಮಾತ್ರ. 50ರಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳದು.

ಕೆಳತುದಿಯನ್ನು 4 ಎಂದಿಟ್ಟಿರುವುದಕ್ಕೂ ಕಾರಣವುಂಟು. ಇಲಿ ತಂತಿ ಕಡಿದರೆ ಸಂಕೇತ ಸೊನ್ನೆಗೆ ಬೀಳುತ್ತದೆ. ಸೊನ್ನೆ ವೇಗದ ಆಜ್ಞೆ ಬೇರೆ, ತಂತಿ ತುಂಡಾದದ್ದು ಬೇರೆ ಎಂದು ಡ್ರೈವಿಗೆ ತಿಳಿಯುತ್ತದೆ. ಆಗ ಏನು ಮಾಡಬೇಕೆಂಬುದನ್ನು ಡ್ರೈವಿನಲ್ಲಿ ಮೊದಲೇ ಹೊಂದಿಸಿಡಬೇಕು. ಬ್ಲೋವರ್ ನಿಂತು ಒಲೆ ಉರಿಯುತ್ತಲೇ ಇರುವುದು ಅಪಾಯಕರವಾದ್ದರಿಂದ ಎಚ್ಚರಿಕೆಯ ಗಂಟೆ ಇರಲೇಬೇಕು.

ಕೊಯ್ಲಿಗೆ ಮುನ್ನ ಪರೀಕ್ಷೆ

ಡ್ರೈಯರ್ ಖಾಲಿಯಿರುವಾಗ, ಒಲೆ ಹಚ್ಚದೆ, ಎಲೆಕ್ಟ್ರೀಷಿಯನ್ ಕೈಯಿಂದ ಮೂರು ಕಡೆ ಅಳೆಯಿಸಿರಿ:

0 ಹರ್ಟ್ಸ್: ಅಂಕಿ 0, ತಂತಿಯಲ್ಲಿ 4 ಮಿಲಿ ಆಂಪಿಯರ್.
25 ಹರ್ಟ್ಸ್: ಅಂಕಿ 13824, ತಂತಿಯಲ್ಲಿ 12.
50 ಹರ್ಟ್ಸ್: ಅಂಕಿ 27648, ತಂತಿಯಲ್ಲಿ 20.

ನಿಮ್ಮ ಪಿ.ಎಲ್.ಸಿ. ಬೇರೆ ಮಾದರಿಯದಾದರೆ ಅದರ ಪೂರ್ಣ ಅಂಕಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಮೈನ್ ತೆಗೆದ ಮೇಲೂ ಡ್ರೈವಿನೊಳಗೆ ಕೆಲ ನಿಮಿಷ ವಿದ್ಯುತ್ ಉಳಿದಿರುತ್ತದೆ. ಕೈಪಿಡಿ ಹೇಳಿದಷ್ಟು ಹೊತ್ತು ಕಾಯದೆ ಮುಚ್ಚಳ ತೆಗೆಯಬಾರದು. ಸಂಕೇತದ ತಂತಿಯನ್ನು ಮೋಟಾರಿನ ಕೇಬಲ್ಲಿನ ಜೊತೆ ಕಟ್ಟದೆ ದೂರ ಎಳೆಯಿಸಿರಿ.

ಅಳೆದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿಡಿ. ಡ್ರೈವ್ ಬದಲಿಸಿದಾಗಲೆಲ್ಲ ಮತ್ತೊಮ್ಮೆ ಪರೀಕ್ಷಿಸಿರಿ. ಅರ್ಧ ದಿನದ ಈ ಕೆಲಸ ಇಡೀ ವರ್ಷದ ಫಸಲನ್ನು ಕಾಯುತ್ತದೆ.