ಕೀಲಿನ ಪಕ್ಕದ ಮುರಿತಕ್ಕೆ ದಬ್ಬೆ ಸಾಲದು

ಚೆನ್ನೈನ ಉತ್ತರ ಅಂಚಿನ ಮಾಧವರಂ ಎಂದರೆ ಆಂಧ್ರದ ಬಸ್ಸು ಹೊರಡುವ ಜಾಗ, ಆವಿನ್ ಡೇರಿ ಇರುವ ಜಾಗ ಎಂದಷ್ಟೇ ಹೊರಗಿನವರಿಗೆ ಗೊತ್ತು. ಅಲ್ಲಿನ ಮಿಲ್ಕ್ ಕಾಲೊನಿಯಲ್ಲೇ ತಮಿಳುನಾಡು ಪಶುವೈದ್ಯಕೀಯ ಮತ್ತು ಪಶುವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯಿದೆ. 1989ರಲ್ಲಿ ಹುಟ್ಟಿದ ಇದು ದೇಶದಲ್ಲಿ ಪಶುವೈದ್ಯಕ್ಕೆಂದೇ ಮೀಸಲಾದ ಮೊದಲ ವಿಶ್ವವಿದ್ಯಾಲಯ. ಬೇರು ಇನ್ನೂ ಹಳೆಯದು. ಅದರಡಿ ಬರುವ ವೇಪೇರಿಯ ಮದ್ರಾಸ್ ವೆಟರ್ನರಿ ಕಾಲೇಜು 1903ರದ್ದು. ನಮ್ಮ ಹೆಬ್ಬಾಳದ ಕಾಲೇಜು ಶುರುವಾದದ್ದು 1958ರಲ್ಲಿ. ಅದಕ್ಕೆ ಮುಂಚೆ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳವರಿಗೆ ವೇಪೇರಿಯೇ ಸ್ವಂತ ಪ್ರಾಂತ್ಯದ ಕಾಲೇಜು. ಚರಿತ್ರೆ ಇಷ್ಟು ಸಾಕು. ಇಂಥ ಸಂಸ್ಥೆಗಳು ಕಲಿಸುವ ವಿದ್ಯೆಗಳಲ್ಲಿ ಒಂದನ್ನು ಮಾತ್ರ ಹತ್ತಿರದಿಂದ ನೋಡುವುದು ಒಳ್ಳೆಯದು: ಕೀಲಿನ ಪಕ್ಕದಲ್ಲಿ ಮುರಿದ ಮೂಳೆಯನ್ನು ಗುರುತಿಸಿ ಕೂಡಿಸುವುದು. ಮುರಿದ ಮೂಳೆ ಅಲ್ಲಾಡದಂತೆ ಬಿಗಿದು ಕಟ್ಟಿದರೆ ಕೂಡಿಕೊಳ್ಳುತ್ತದೆ ಎಂಬ ನಮ್ಮ ತಲೆಮಾರುಗಳ ನಂಬಿಕೆ ಸೋಲುವುದು ಇಲ್ಲೇ.

ಐದಾರು ತಿಂಗಳ ನಾಯಿಮರಿ ಮಹಡಿಯಿಂದ ಬಿತ್ತು ಅಥವಾ ಸ್ಕೂಟರಿಗೆ ಸಿಕ್ಕಿತು ಎನ್ನೋಣ. ಬೆಳೆಯುವ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಗ್ರೋತ್ ಪ್ಲೇಟ್ ಎನ್ನುವ ಈ ಪದರ ಕೀಲನ್ನು ಹಿಡಿದಿಟ್ಟ ಅಸ್ಥಿರಜ್ಜುಗಳಿಗಿಂತ ದುರ್ಬಲ. ದೊಡ್ಡ ನಾಯಿಯಲ್ಲಿ ರಜ್ಜು ಹರಿಯುವಂಥ ಏಟಿಗೆ ಮರಿಯಲ್ಲಿ ಮೂಳೆಯ ತುದಿಯೇ ಕಳಚುತ್ತದೆ. ಹೀಗೆ ಕಳಚುವುದರಲ್ಲಿ ಮಂಡಿಯ ಮೇಲಿನ ತೊಡೆಮೂಳೆಯದೇ ಹೆಚ್ಚು ಪಾಲು. ನಾಯಿಯಲ್ಲಿ ಅಲ್ಲಿನ ಪದರ ಚಪ್ಪಟೆಯಲ್ಲ, ಬಡಗಿಯ ಗೂಟ-ಗುಳಿ ಜೋಡಣೆಯಂತೆ ನಾಲ್ಕು ಕಡೆ ಒಂದರೊಳಗೊಂದು ಕೂತಿರುತ್ತದೆ. ಕಳಚಿದಾಗ ಮಂಡಿಯ ಕಡೆಯ ತುಂಡು ಹಿಂದಕ್ಕೆ ಸರಿಯುತ್ತದೆ. ಅದನ್ನು ಮತ್ತೆ ಅದೇ ಗುಳಿಗಳಲ್ಲಿ ಕೂರಿಸಿದರೆ ಜೋಡಣೆ ತಾನಾಗಿಯೇ ಅರ್ಧ ಭದ್ರ. ಇಂಥ ಮುರಿತಗಳನ್ನು ಕೆನಡಾದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ವೈದ್ಯರು 1963ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಮಕ್ಕಳಿಗಾಗಿ ಮಾಡಿದ ಆ ವಿಂಗಡಣೆಯನ್ನೇ ಪಶುವೈದ್ಯರು ಇಂದಿಗೂ ಬಳಸುತ್ತಾರೆ. ಐದನೆಯದು ಮೋಸಗಾರ: ಪದರ ಜಜ್ಜಿಹೋಗಿರುತ್ತದೆ, ಮೊದಲ ಎಕ್ಸ್‌ರೇಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಮುಂಗಾಲಿನ ಎರಡು ಮೂಳೆಗಳಲ್ಲಿ ಒಂದಾದ ಅಲ್ನಾದ ಕೆಳತುದಿಯ ಪದರ ಶಂಕುವಿನ ಆಕಾರದ್ದಾದ್ದರಿಂದ ಹೀಗೆ ಜಜ್ಜುವುದು ಅಲ್ಲಿ ಸುಲಭ. ಅದು ಬೆಳೆಯುವುದನ್ನು ನಿಲ್ಲಿಸುತ್ತದೆ, ಪಕ್ಕದ ರೇಡಿಯಸ್ ಬೆಳೆಯುತ್ತಲೇ ಹೋಗುತ್ತದೆ, ಕಾಲು ಬಿಲ್ಲಾಗುತ್ತದೆ. ಎರಡು ಕೋನಗಳಿಂದ ಎಕ್ಸ್‌ರೇ, ಹೋಲಿಕೆಗೆ ಸರಿಯಿರುವ ಕಾಲಿನದೂ ಒಂದು, ಕೆಲವು ವಾರ ಬಿಟ್ಟು ಮತ್ತೊಂದು ಎನ್ನುವುದು ಇದಕ್ಕಾಗಿಯೇ, ವೈದ್ಯರು ಖರ್ಚು ಬೆಳೆಸುವ ಉಪಾಯವಲ್ಲ.

ಕಟ್ಟು ಏಕೆ ಸಾಲದು? ದಬ್ಬೆಯಾಗಲಿ ಪ್ಲಾಸ್ಟರ್ ಆಗಲಿ, ಮುರಿತದ ಮೇಲಿನ ಕೀಲೂ ಕೆಳಗಿನ ಕೀಲೂ ಅದರೊಳಗೆ ಬರಬೇಕು. ತೊಡೆಮೂಳೆಗೆ ಮೇಲಿನ ಕೀಲು ಸೊಂಟದ್ದು. ಅದನ್ನು ಯಾವ ಸಾಧಾರಣ ಕಟ್ಟೂ ಹಿಡಿಯಲಾರದು. ಕಟ್ಟಿದ್ದೆಲ್ಲ ಮುರಿದ ಜಾಗದಿಂದ ಕೆಳಗೆ ಜೋತುಬಿದ್ದು ಅದನ್ನೇ ಎಳೆಯುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಮರಿಯ ಹಿಂಗಾಲನ್ನು ನೀಟಾಗಿ ಚಾಚಿ ಕೆಲವು ವಾರ ಬಿಗಿದಿಟ್ಟರೆ ತೊಡೆಯ ಮುಂದಿನ ಸ್ನಾಯು ಮೂಳೆಗೆ ಅಂಟಿ ಗಟ್ಟಿಯಾಗಿ, ಮಂಡಿ ಮಡಚಲಾಗದೆ ಕಾಲು ಸೆಟೆದುಬಿಡುತ್ತದೆ. ಮೂಳೆ ಕೂಡಿತು, ಕಾಲು ಹೋಯಿತು. ಆದ್ದರಿಂದ ಕೀಲಿನ ಬಳಿಯ ನಿಯಮ ಬೇರೆ: ತುಂಡುಗಳನ್ನು ಕೂದಲೆಳೆ ತಪ್ಪದಂತೆ ಕೂರಿಸಿ, ಒಳಗಿನಿಂದಲೇ ಭದ್ರಪಡಿಸಿ, ಆದಷ್ಟು ಬೇಗ ಕೀಲನ್ನು ಆಡಿಸಬೇಕು. ಮಂಡಿಯ ಮೇಲಿನ ಮುರಿತಕ್ಕೆ ಎರಡು ನುಣುಪಾದ ಕಿರ್ಶ್ನರ್ ತಂತಿಗಳನ್ನು ಅಡ್ಡಡ್ಡ ತೂರಿಸುವುದು ರೂಢಿ. ನುಣುಪು ಏಕೆಂದರೆ ತಿರುಪಿನ ಎಳೆಗಳಿರುವ ಸ್ಕ್ರೂ ಬೆಳೆಯುವ ಪದರವನ್ನು ಕಚ್ಚಿ ಹಿಡಿದುಬಿಡುತ್ತದೆ. ಮುರಿತ ಕೀಲಿನ ಒಳಮೈಗೇ ಹಾಯ್ದಿದ್ದರೆ ಮಾತ್ರ ಎರಡೂ ಹೋಳುಗಳನ್ನು ಬಿಗಿಯಾಗಿ ಒತ್ತಿಹಿಡಿಯಲು ಸ್ಕ್ರೂ ಬೇಕೇ ಬೇಕು. ಅಲ್ಲಿ ಮೆಟ್ಟಿಲಿನಂತೆ ಉಳಿದ ಸಣ್ಣ ಏರುಪೇರೂ ಮುಂದೆ ಸಂಧಿವಾತಕ್ಕೆ ದಾರಿಯಾಗುತ್ತದೆ.

ನಾಟಿ ವೈದ್ಯರ ಕಟ್ಟಿನಲ್ಲಿ ಎಷ್ಟೋ ಮೂಳೆ ಕೂಡಿಲ್ಲವೇ ಎಂದು ಕೇಳುವವರಿದ್ದಾರೆ. ಕೂಡಿವೆ. ಮಾಧವರಂನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಪುತ್ತೂರಿನ ಕಟ್ಟಿಗೆ (ನಮ್ಮ ಕರಾವಳಿಯ ಪುತ್ತೂರಲ್ಲ, ಆಂಧ್ರದ್ದು) ಮನುಷ್ಯರ ಮೂಳೆ ಮುರಿತದ ಚಿಕಿತ್ಸೆಯಲ್ಲಿ ದೊಡ್ಡ ಹೆಸರಿದೆ. ಆದರೆ ಇಂಥ ಕಟ್ಟು ಗೆಲ್ಲುವುದು ಮೂಳೆಯ ನಡುಭಾಗದಲ್ಲಿ, ಅದರಲ್ಲೂ ತುಂಡುಗಳು ಹೆಚ್ಚು ಸರಿಯದಿದ್ದಾಗ. ಪ್ಲಾಸ್ಟರ್ ಕೆಟ್ಟದ್ದೆಂದೂ ಇದರ ಅರ್ಥವಲ್ಲ. ಹೆರಿಗೆ ಕಷ್ಟವಾದ ಹಸುವಿನಿಂದ ಕರುವನ್ನು ಹಗ್ಗ ಹಾಕಿ ಎಳೆಯುವಾಗ ಅದರ ಮುಂಗಾಲು ಗೊರಸಿನ ಮೇಲಿನ ಗಂಟಿನ ಹತ್ತಿರವೇ, ಅದೇ ಬೆಳೆಯುವ ಪದರದಲ್ಲಿ, ಮುರಿಯುವುದುಂಟು. ಅಲ್ಲಿ ಮಾಂಸವಿಲ್ಲ, ಮೇಲಿನ ಕೆಳಗಿನ ಕೀಲುಗಳೆರಡೂ ಪ್ಲಾಸ್ಟರಿನೊಳಗೆ ಬರುತ್ತವೆ. ಚರ್ಮ ಒಡೆದಿರದಿದ್ದರೆ ಕರು ಸಾಮಾನ್ಯವಾಗಿ ಗುಣವಾಗುತ್ತದೆ. ಮುರಿಯದಂತೆ ನೋಡಿಕೊಳ್ಳುವುದೂ ಕೈಯಲ್ಲೇ ಇದೆ: ಹಗ್ಗದ ಕುಣಿಕೆ ಗಂಟಿನ ಮೇಲೆ, ಇನ್ನೊಂದು ಸುತ್ತು ಗಂಟಿನ ಕೆಳಗೆ, ಎಳೆತ ಎರಡು ಕಡೆ ಹಂಚಿಹೋಗುವಂತೆ.

ಇನ್ನು ಖರ್ಚು. ಬೀದಿನಾಯಿಗೆ ಆಪರೇಷನ್ನೇ ಎನ್ನುವ ಮಾತನ್ನು ತಳ್ಳಿಹಾಕಲಾಗದು. ಆದರೆ ದುಬಾರಿಯಾದದ್ದು ತಂತಿಯಲ್ಲ. ಅರಿವಳಿಕೆ, ಎಕ್ಸ್‌ರೇ, ಪಳಗಿದ ಕೈ, ಇವು ದೊಡ್ಡ ಊರುಗಳಲ್ಲೇ ಗುಂಪುಗೂಡಿವೆ. ಆಪರೇಷನ್ ಆದರೂ ಪದರ ಮೊದಲೇ ಮುಚ್ಚಿ ಕಾಲು ಸ್ವಲ್ಪ ಗಿಡ್ಡವಾಗಬಹುದು. ಉಳಿದ ಕೀಲುಗಳನ್ನು ತುಸು ಹೆಚ್ಚು ಚಾಚಿ ನಾಯಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಸೆಟೆದ ಮಂಡಿಗೆ ಆ ಉಪಾಯವಿಲ್ಲ. ಮರಿಯ ಮೂಳೆ ಕೂಡುವುದೂ ಬೇಗ, ಮೂರು-ನಾಲ್ಕು ವಾರ ಸಾಕು. ವಕ್ರವಾಗಿ ಕೂಡುವುದಕ್ಕೂ ಅಷ್ಟೇ ಸಾಕು ಎನ್ನುವುದು ತೊಡಕು.  ಚಾಮರಾಜನಗರದ ಹಳ್ಳಿಯೊಂದರಲ್ಲಿ ಕಟ್ಟು ಹಾಕಿಸಿಕೊಂಡ ಮರಿ, ಕಟ್ಟು ಬಿಚ್ಚಿದ ಮೇಲೆ ಹೆಬ್ಬಾಳಕ್ಕೋ ವೇಪೇರಿಗೋ ತಲುಪುವಷ್ಟರಲ್ಲಿ ಆ ವಾರಗಳು ಕಳೆದಿರುತ್ತವೆ.