ಒಂದೇ ಕಂಪ್ಯೂಟರು, ಎರಡು ವ್ಯವಸ್ಥೆ



ಕೇರಳದ ಶಾಲೆಗಳಲ್ಲಿ ಐ.ಟಿ. ಪಾಠ ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ. 2001ರಲ್ಲಿ ಆರಂಭವಾದ 'ಐ.ಟಿ. ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಅದು ಉಬುಂಟು ಆಧಾರದಲ್ಲಿ ಸಿದ್ಧಪಡಿಸಿದ ಲಿನಕ್ಸ್ ಎಲ್ಲರಿಗೂ ಉಚಿತ. ಆದರೆ ಮನೆಯ ಕಂಪ್ಯೂಟರಿನಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್. ಅದರಲ್ಲಿ 'ಬರಹ', 'ನುಡಿ' ಬಳಸಿ ರೂಢಿಯಾದ ಹಿರಿಯರು ಅದನ್ನು ಬಿಡಲೊಪ್ಪುವುದಿಲ್ಲ. ಹಾಗಾದರೆ ಕಾರಡ್ಕದ ಮಗು ಶಾಲೆಯ ಅಭ್ಯಾಸವನ್ನು ಮನೆಯಲ್ಲಿ ಮಾಡುವುದು ಹೇಗೆ?

ಒಂದೇ ಯಂತ್ರದಲ್ಲಿ ಎರಡನ್ನೂ ಇಡಬಹುದು. ಕನ್ನಡ, ಮಲಯಾಳ ಎರಡನ್ನೂ ಆಡುವ ನಮಗೆ ಇದು ಹೊಸತಲ್ಲ. ಬಾಯಿ ಒಂದೇ, ಒಂದು ಹೊತ್ತಿಗೆ ಆಡುವ ಭಾಷೆಯೂ ಒಂದೇ.

ಯಂತ್ರದ ಗುಂಡಿ ಒತ್ತಿದೊಡನೆ, ಯಾವ ವ್ಯವಸ್ಥೆ ಬೇಕೆಂದು ಕೇಳುವ ಬಾಗಿಲು ಕಾಯುವವನೇ 'ಬೂಟ್ ಮ್ಯಾನೇಜರ್'. ಲಿನಕ್ಸಿನ ಜೊತೆ ಬರುವ ಬೂಟ್ ಮ್ಯಾನೇಜರಿನ ಹೆಸರು ಗ್ರಬ್. ಅದು ಪರದೆಯಲ್ಲಿ ಪಟ್ಟಿ ತೋರಿಸಿ ಕೆಲವು ಸೆಕೆಂಡು ಕಾಯುತ್ತದೆ. ಬಾಣದ ಕೀಲಿಯಿಂದ ಆರಿಸಿ ಎಂಟರ್ ಒತ್ತಿದರಾಯಿತು.

ಇನ್ನು ಅಳವಡಿಸುವ ಕ್ರಮ. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ಆಸ್ತಿ ಪಾಲಾಗುವ ಮೊದಲು ದಾಖಲೆ ಭದ್ರಪಡಿಸುವಂತೆ, ಫೋಟೋ, ಕಾಗದಪತ್ರಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆಯಿರಿ. ವಿಂಡೋಸಿನಲ್ಲಿ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸಿ. ವಿಂಡೋಸಿನ 'ಡಿಸ್ಕ್ ಮ್ಯಾನೇಜ್‌ಮೆಂಟ್' ಮೂಲಕವೇ ಸುಮಾರು 50 ಜಿ.ಬಿ. ಜಾಗ ಬಿಡಿಸಿಕೊಳ್ಳಿ. ಬಳಿಕ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ, ಆ ಖಾಲಿ ಜಾಗದಲ್ಲಿ ಲಿನಕ್ಸ್ ಹಾಕಿ. ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಮನೆಮಂದಿಯ ಫೋಟೋಗಳು ಹೋಗುವುದು ಅಲ್ಲಿಯೇ.

ವಿಂಡೋಸನ್ನು ಪುನಃ ಹಾಕಿದಾಗ, ಕೆಲವೊಮ್ಮೆ ದೊಡ್ಡ ಅಪ್‌ಡೇಟ್ ಆದಾಗ, ಗ್ರಬ್‌ನ ಪಟ್ಟಿ ಕಾಣದೆ ನೇರವಾಗಿ ವಿಂಡೋಸ್ ತೆರೆಯುವುದುಂಟು. ಗಾಬರಿ ಬೇಡ. ಬಾಗಿಲು ಕಾಯುವವನು ಸರಿದು ನಿಂತರೆ ಮನೆಯೊಳಗಿನ ಸಾಮಾನು ಕಳವಾದಂತಲ್ಲ. ಮಗುವಿನ ಕಡತಗಳು ಲಿನಕ್ಸಿನ ಪಾಲಿನಲ್ಲಿ ಹಾಗೆಯೇ ಇರುತ್ತವೆ. ಹೊಸ ಯಂತ್ರಗಳಲ್ಲಿ ಬೂಟ್ ಸೆಟ್ಟಿಂಗಿಗೆ ಹೋಗಿ ಉಬುಂಟು ಎಂಬ ಹೆಸರನ್ನು ಮೇಲಕ್ಕೆ ತಂದರೆ ಅನೇಕ ಸಲ ಸಾಕಾಗುತ್ತದೆ. ಇಲ್ಲವಾದರೆ ಅದೇ ಪೆನ್‌ಡ್ರೈವಿನ ಸಹಾಯದಿಂದ ಗ್ರಬ್ ಒಂದನ್ನೇ ಪುನಃ ಹಾಕಬಹುದು.

ಆದುದರಿಂದ ರಿಪೇರಿಯವರು "ಎಲ್ಲ ಫಾರ್ಮ್ಯಾಟ್ ಮಾಡಬೇಕು" ಎಂದರೆ ಒಪ್ಪುವ ಮುಂಚೆ ಒಂದು ಮಾತು ಕೇಳಿ: "ಗ್ರಬ್ ಸರಿಮಾಡಿ ನೋಡಿದ್ದೀರಾ?"