ಮಡಕೆಯ ಹಾಗೆ ಬೇಯುವ ತಂತಿ

ಬೆಂಗಳೂರು ದಂಡಿನ ಪಾಟರಿ ಟೌನಿಗೆ ಹೋದವರು ಕುಂಬಾರನ ಕೈಚಳಕಕ್ಕೆ ಮನಸೋಲದೆ ಇರಲಾರರು. ಹಸಿಮಣ್ಣು ಅವನು ಹೇಳಿದಂತೆ ಕೇಳುತ್ತದೆ. ಆವಿಗೆಯಲ್ಲಿ ಬೆಂದ ಮೇಲೆ ಅದನ್ನೇ ಬಾಗಿಸಹೊರಟರೆ ಕೈಗೆ ಉಳಿಯುವುದು ಬೋಕಿ ಮಾತ್ರ. ಜಗತ್ತಿನ ಪ್ರಬಲ ಅಯಸ್ಕಾಂತಗಳನ್ನು ಕಟ್ಟುವ ವಿಜ್ಞಾನಿಗಳೂ ಇದೇ ಪಾಠವನ್ನು ಕಲಿಯಬೇಕಾಯಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು.

1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸ್, ಪಾದರಸವನ್ನು ದ್ರವ ಹೀಲಿಯಮ್ಮಿನ ನೆರವಿನಿಂದ ಸೊನ್ನೆಗಿಂತ 269 ಡಿಗ್ರಿ ಕೆಳಕ್ಕೆ ತಣಿಸಿದಾಗ ಅದರ ವಿದ್ಯುತ್ ಪ್ರತಿರೋಧ ಥಟ್ಟನೆ ಮಾಯವಾಯಿತು. ಇದೇ ಅತಿವಾಹಕತೆ. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದೊಳಗಿನ ನಯೋಬಿಯಂ-ಟೈಟೇನಿಯಂ ತಂತಿ ಈ ಗುಣವುಳ್ಳದ್ದು. ಬಾಗಿಸಿದಂತೆ ಬಾಗುವ ಸಾಧು ಲೋಹ. ಇನ್ನೂ ಪ್ರಬಲವಾದ ಅಯಸ್ಕಾಂತ ಬೇಕೆಂದರೆ ನಯೋಬಿಯಂ-ತವರದ ಮೊರೆಹೋಗಬೇಕು. ಅದರ ಅತಿವಾಹಕತೆ 1954ರಲ್ಲಿ ತಿಳಿದುಬಂದಿತು. ಆದರೆ ಅದು ಗಾಜಿನ ಬಳೆಯಷ್ಟೇ ಪೆಡಸು. ಆದುದರಿಂದ ನಯೋಬಿಯಂ, ತವರಗಳನ್ನು ತಾಮ್ರದೊಡನೆ ಸೇರಿಸಿ ತಂತಿ ಎಳೆದು, ಸುರುಳಿ ಸುತ್ತಿ, ಅನಂತರವೇ ಸುಮಾರು 650 ಡಿಗ್ರಿ ಕಾವಿನಲ್ಲಿ ದಿನಗಟ್ಟಲೆ ಬೇಯಿಸುತ್ತಾರೆ. ಕುಂಬಾರನ ಕ್ರಮವೇ ಇದು!

ಕಷ್ಟ ಅಲ್ಲಿಗೆ ಮುಗಿಯದು. ತಣಿಸುವಾಗ ತಾಮ್ರ ಹೆಚ್ಚು ಕುಗ್ಗಿ ಒಳಗಿನ ಎಳೆಗಳನ್ನು ಹಿಂಡುತ್ತದೆ. ಅವು ಹೊರಬಲ್ಲ ವಿದ್ಯುತ್ತು ತಗ್ಗುತ್ತದೆ. ತಂತಿಯನ್ನು ತುಸು ಎಳೆದರೆ ಆ ಹಿಡಿತ ಸಡಿಲಿ ಶಕ್ತಿ ಮರಳುವುದು ಒಂದು ಸೋಜಿಗ. ಮತ್ತೂ ಎಳೆದರೆ ಶಕ್ತಿ ಪುನಃ ಕುಂದುತ್ತದೆ. ಒಂದು ಮೀಟರ್ ತಂತಿ ಕೆಲವೇ ಮಿಲಿಮೀಟರ್ ಹಿಗ್ಗಿದರೆ ಸಾಕು, ಎಳೆಗಳು ಬಿರಿಯುತ್ತವೆ, ಬಿಟ್ಟರೂ ಮೊದಲಿನಂತಾಗವು.

ಎಳೆಯುವವರು ಯಾರು? ಅಯಸ್ಕಾಂತವೇ! ಸೂರ್ಯನ ಶಕ್ತಿಯನ್ನು ಭೂಮಿಯಲ್ಲಿ ಪಡೆಯಲು ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಯಂತ್ರದ ಕೆಲವು ಸುರುಳಿಗಳಲ್ಲಿ 68,000 ಆಂಪಿಯರ್ ಹರಿಯಬೇಕು. 2005ರಿಂದ ಭಾರತವೂ ಇದರಲ್ಲಿ ಪಾಲುದಾರ. 2010ರ ಸುಮಾರಿಗೆ ನಡುಗಂಬದ ಸುರುಳಿಯ ಮಾದರಿ ಕೇಬಲನ್ನು ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷಿಸಿದಾಗ, ಮತ್ತೆ ಮತ್ತೆ ಹೊರೆ ಹೊತ್ತಂತೆ ಅದು ಸೊರಗತೊಡಗಿತು. ಹಲವು ರಾಷ್ಟ್ರಗಳ ಶ್ರಮವೇ ಪಣದಲ್ಲಿತ್ತು. ಕೊನೆಗೆ ದೊರೆತ ಉಪಾಯ ಬಹು ಸರಳ: ಎಳೆಗಳನ್ನು ಇನ್ನೂ ಬಿಗಿಯಾಗಿ ಹೊಸೆಯುವುದು. ಹಾಗೆ ಹೊಸೆದ ಕೇಬಲು ತಾಳಿಕೊಂಡಿತು.

ದ್ರವ ನೈಟ್ರೋಜನ್ನಿನ ತಂಪಿನಲ್ಲೇ ಅತಿವಾಹಕವಾಗುವ ವಸ್ತುಗಳು 1987ರಲ್ಲಿ ಬಂದವು; ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಆ ವರ್ಷವೇ ಅವನ್ನು ಕುರಿತು ಸಂಶೋಧನೆ ನಡೆಸಿದರು. ಅವೂ ಪಿಂಗಾಣಿಯ ಜಾತಿಯವು. ಲೋಹದ ಪಟ್ಟಿಯ ಮೇಲೆ ತೆಳುವಾಗಿ ಲೇಪಿಸಿದರಷ್ಟೆ ಬಾಗುತ್ತವೆ. ವಿದ್ಯೆ ಎಷ್ಟು ಬೆಳೆದರೂ ಕುಂಬಾರನ ಎಚ್ಚರ ತಪ್ಪಿದ್ದಲ್ಲ.